ನಿರಾಶ್ರಿತರಿಗಾಗಿ ಕಟ್ಟಿದ ಪೇಟೆ

ರೊಮೇನಿಯಾ ಎಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಕ್ರೀಡೆಯಲ್ಲಿ ಆಸಕ್ತಿಯುಳ್ಳ ಹಿರಿಯರಿಗೆ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹತ್ತಕ್ಕೆ ಹತ್ತು ಅಂಕ ಪಡೆದ ಹದಿನಾಲ್ಕರ ಹರೆಯದ ಹುಡುಗಿ ನಾದಿಯಾ ಕೊಮನೆಚಿ ನೆನಪಾಗಬಹುದು. ಕಾಲೇಜಿಗೆ ಹೋಗುವ ಮಕ್ಕಳು ಡ್ರಾಕುಲಾನ ಹೆಸರು ಹೇಳಬಹುದು. ಆದರೆ ಆ ದೇಶದಲ್ಲಿ ಐದು ಹೊತ್ತು ಬಾಂಗ್ ಮೊಳಗುವ ಮಸೀದಿಗಳಿವೆ, ಈದ್‌ಗೆ ಬಕ್ಲಾವಾ ಮಾಡಿ ಕ್ರೈಸ್ತ ನೆರೆಮನೆಗೆ ಕಳುಹಿಸುವ ಅಜ್ಜಿಯಂದಿರಿದ್ದಾರೆ, ನಾಲ್ಕು ನೂರು ವರ್ಷಗಳ ಹಿಂದೆ ಬೇರು ಬಿಟ್ಟ ಮದ್ರಸವೊಂದರ ಪರಂಪರೆಯಿದೆ ಎಂದರೆ ಹಲವರಿಗೆ ಅಚ್ಚರಿಯಾದೀತು.

ಆ ದೇಶದ ಆಗ್ನೇಯ ಮೂಲೆಯಲ್ಲಿ, ಡ್ಯಾನ್ಯೂಬ್ ನದಿ ಮತ್ತು ಕಪ್ಪು ಸಮುದ್ರದ ನಡುವೆ ದೊಬ್ರುಜಾ ಎಂಬ ಸೀಮೆಯಿದೆ. ಅಲ್ಲಿನ ಬಂದರು ನಗರ ಕಾನ್‌ಸ್ತಾಂತ್ಸಾದಿಂದ ಪಶ್ಚಿಮಕ್ಕೆ ಸುಮಾರು 40 ಕಿ.ಮೀ. ಹೋದರೆ ಮೆಜಿದಿಯಾ ಎಂಬ ಊರು ಸಿಗುತ್ತದೆ. ಒಂದು ರೈಲು ನಿಲ್ದಾಣ, ಒಂದು ದೊಡ್ಡ ಕಾಲುವೆ, ಸಿಮೆಂಟ್ ಕಾರ್ಖಾನೆ, ಸಾಲು ಸಾಲು ಫ್ಲ್ಯಾಟುಗಳು, ಅವುಗಳ ನಡುವೆ ಒಂದು ಹಳೆಯ ಮಿನಾರ. ಪ್ರವಾಸಿಗರು ಹುಡುಕಿಕೊಂಡು ಹೋಗುವಂಥ ಊರೇನೂ ಅಲ್ಲ. ಆದರೆ ಒಂದು ವಿಷಯದಲ್ಲಿ ಈ ಊರು ಜಗತ್ತಿನ ಹೆಚ್ಚಿನ ಊರುಗಳಿಗಿಂತ ಬೇರೆಯಾಗಿದೆ. ಇದು ವ್ಯಾಪಾರಕ್ಕಾಗಿ ಬೆಳೆದ ಊರಲ್ಲ, ರಾಜನ ಕೋಟೆಯ ಸುತ್ತ ಹುಟ್ಟಿದ ಊರೂ ಅಲ್ಲ. ಮನೆ ಕಳೆದುಕೊಂಡವರಿಗಾಗಿಯೇ ಕಟ್ಟಿದ ಊರು.

ಕಪ್ಪು ಸಮುದ್ರ ದಾಟಿ ಬಂದವರು

ಶುಶ್ರೂಷೆಯ ಹೆಸರೆತ್ತಿದಾಗ ನಾವು ಫ್ಲಾರೆನ್ಸ್ ನೈಟಿಂಗೇಲ್‌ರನ್ನು ನೆನೆಯುತ್ತೇವೆ. ಕೈಯಲ್ಲಿ ದೀಪ ಹಿಡಿದು ಗಾಯಾಳು ಸೈನಿಕರ ಹಾಸಿಗೆಯಿಂದ ಹಾಸಿಗೆಗೆ ನಡೆದ ಆ ಮಹಿಳೆಯ ಚಿತ್ರ ಶಾಲೆಯ ಪಾಠಪುಸ್ತಕಗಳಲ್ಲಿದೆ. ಆಕೆ ಸೇವೆ ಸಲ್ಲಿಸಿದ್ದು 1853ರಿಂದ 1856ರವರೆಗೆ ನಡೆದ ಕ್ರಿಮಿಯಾ ಯುದ್ಧದಲ್ಲಿ. ಒಂದು ಕಡೆ ರಷ್ಯಾ, ಇನ್ನೊಂದು ಕಡೆ ಉಸ್ಮಾನಿಯಾ ಸಾಮ್ರಾಜ್ಯ ಮತ್ತು ಅದರ ಬೆಂಬಲಕ್ಕೆ ನಿಂತ ಬ್ರಿಟನ್, ಫ್ರಾನ್ಸ್. ಆದರೆ ಯಾರ ನೆಲದಲ್ಲಿ ಆ ಯುದ್ಧ ನಡೆಯಿತೋ ಆ ಜನರ ಗತಿಯೇನಾಯಿತು ಎಂಬುದನ್ನು ಪಾಠಪುಸ್ತಕಗಳು ಹೇಳುವುದಿಲ್ಲ.

ಅವರು ಕ್ರಿಮಿಯಾದ ತಾತಾರರು. ತುರ್ಕಿ ಭಾಷೆಗೆ ಹತ್ತಿರದ ಭಾಷೆಯನ್ನಾಡುವ ಮುಸ್ಲಿಮರು. ಕಪ್ಪು ಸಮುದ್ರದ ಉತ್ತರಕ್ಕಿರುವ ಆ ಪರ್ಯಾಯ ದ್ವೀಪದಲ್ಲಿ ಶತಮಾನಗಳ ಕಾಲ ಅವರದ್ದೇ ಖಾನರ ಆಡಳಿತವಿತ್ತು. 1783ರಲ್ಲಿ ರಷ್ಯಾದ ರಾಣಿ ಕ್ಯಾಥರೀನ್ ಅದನ್ನು ತನ್ನ ಸಾಮ್ರಾಜ್ಯಕ್ಕೆ ಸೇರಿಸಿಕೊಂಡಳು. ಅಂದಿನಿಂದಲೇ ತಾತಾರರು ಸ್ವಲ್ಪ ಸ್ವಲ್ಪವಾಗಿ ಊರು ಬಿಡತೊಡಗಿದ್ದರು. ಕ್ರಿಮಿಯಾ ಯುದ್ಧದ ಬಳಿಕ ಶತ್ರುವಿನ ಜೊತೆ ಕೈಜೋಡಿಸಿದವರೆಂಬ ಅನುಮಾನವೂ ಅವರ ಮೇಲೆ ಬಿತ್ತು. ಜಮೀನು ಕೈತಪ್ಪಿತು, ಬದುಕು ಕಷ್ಟವಾಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು ಎರಡು ಲಕ್ಷ ತಾತಾರರು ತಾಯ್ನಾಡು ಬಿಟ್ಟರು ಎನ್ನುತ್ತಾರೆ ಇತಿಹಾಸಕಾರರು.

ಸಮುದ್ರದ ಆಚೆಯ ಉಸ್ಮಾನಿಯಾ ನೆಲವನ್ನು ಅವರು 'ಅಕ್ ತೊಪ್ರಾಕ್' ಎಂದು ಕರೆಯುತ್ತಿದ್ದರು, ಅಂದರೆ ಬಿಳಿಯ ಮಣ್ಣು. ಆ ಬಿಳಿಯ ಮಣ್ಣನ್ನು ತಲುಪುವುದು ಸುಲಭವಿರಲಿಲ್ಲ. ಕಿಕ್ಕಿರಿದ ಹಡಗುಗಳಲ್ಲಿ ರೋಗ ಹರಡುತ್ತಿತ್ತು. ದಾರಿಯಲ್ಲೇ ಕಣ್ಮುಚ್ಚಿದವರಿಗೆ ಲೆಕ್ಕವಿಲ್ಲ. ದಡ ಮುಟ್ಟಿದವರ ಕೈಯಲ್ಲಿ ಒಂದು ಗಂಟು, ಬೆನ್ನಲ್ಲಿ ಒಂದು ಮಗು.

ಅವರಲ್ಲಿ ಬಹಳಷ್ಟು ಮಂದಿ ಬಂದು ತಲುಪಿದ್ದು ದೊಬ್ರುಜಾಕ್ಕೆ. ನಾಲ್ಕು ಶತಮಾನಗಳಿಂದ ಉಸ್ಮಾನಿಯಾ ಆಡಳಿತದಲ್ಲಿದ್ದ ಈ ಸೀಮೆ, 1828-29ರ ರಷ್ಯಾ ಯುದ್ಧದಲ್ಲಿ ನಲುಗಿ ಅರ್ಧ ಬರಿದಾಗಿತ್ತು. ಕರಾಸು ಎಂಬ ಕಣಿವೆಯಲ್ಲಿ ಒಂದು ಹಳೆಯ ವಸತಿಯಿತ್ತು. ಕರಾಸು ಎಂದರೆ ಕಪ್ಪು ನೀರು. ಹೆಸರೇ ಹೇಳುವಂತೆ ಜೌಗು ನೆಲ. ಅಲ್ಲಿ ನಿರಾಶ್ರಿತರಿಗಾಗಿ ಹೊಸ ಪಟ್ಟಣ ಕಟ್ಟಬೇಕೆಂದು 1856ರಲ್ಲಿ ಸುಲ್ತಾನ್ ಅಬ್ದುಲ್ ಮಜೀದರ ಸರಕಾರ ತೀರ್ಮಾನಿಸಿತು. ಸುಲ್ತಾನರ ಹೆಸರಿನಿಂದಲೇ ಊರಿಗೆ 'ಮೆಜಿದಿಯೆ' ಎಂದು ಹೆಸರಾಯಿತು. ಅದೇ ಇಂದಿನ ಮೆಜಿದಿಯಾ.

ಬೀದಿಗಳನ್ನು ಮೊದಲೇ ಗುರುತು ಮಾಡಿ ಕಟ್ಟಿದ ಊರಿದು. 1857ರಲ್ಲಿ ಉಸ್ಮಾನಿಯಾ ಸರಕಾರ ವಲಸಿಗರ ಬಗ್ಗೆ ಒಂದು ಕಾನೂನನ್ನೇ ತಂದಿತು. ಬಂದವರಿಗೆ ಉಳಲು ಭೂಮಿ, ಬಾಲ್ಕನ್ ಪ್ರದೇಶದಲ್ಲಿ ನೆಲೆಸಿದವರಿಗೆ ಆರು ವರ್ಷ ಮತ್ತು ಅನಾತೋಲಿಯಾದಲ್ಲಿ ನೆಲೆಸಿದವರಿಗೆ ಹನ್ನೆರಡು ವರ್ಷ ತೆರಿಗೆಯಿಂದಲೂ ಸೈನ್ಯದ ಚಾಕರಿಯಿಂದಲೂ ವಿನಾಯಿತಿ. ಈ ಜನರನ್ನು ಸರಕಾರಿ ಕಡತಗಳು ಕರೆದದ್ದು 'ಮುಹಾಜಿರ್' ಎಂದು. ಮಕ್ಕಾದಿಂದ ಮದೀನಾಕ್ಕೆ ಬರಿಗೈಯಲ್ಲಿ ಬಂದವರಿಗೆ ಇದ್ದ ಹೆಸರೂ ಅದೇ. ಅವರನ್ನು ಬರಮಾಡಿಕೊಂಡ ಅನ್ಸಾರರ ಕಥೆ ನಮ್ಮ ಮಕ್ಕಳಿಗೂ ಗೊತ್ತು. ನಿರಾಶ್ರಿತರನ್ನು ಹೊರೆ ಎಂದು ಕಾಣದೆ ಅವರಿಗಾಗಿ ಒಂದು ಊರನ್ನೇ ಕಟ್ಟಿಸಿದ್ದು ಆ ಪಾಠದ ನೆರಳೇ ಇರಬೇಕು.

ಊರಿನ ಮಧ್ಯೆ ಮಸೀದಿ ಎದ್ದಿತು. ಅಬ್ದುಲ್ ಮಜೀದರ ಹೆಸರಿನ ಆ ಮಸೀದಿ ಇಂದಿಗೂ ಇದೆ. 1860ರಲ್ಲಿ ಇಂಗ್ಲಿಷ್ ಕಂಪೆನಿಯೊಂದು ಡ್ಯಾನ್ಯೂಬ್ ದಂಡೆಯ ಚೆರ್ನವೋದಾದಿಂದ ಕಾನ್‌ಸ್ತಾಂತ್ಸಾ ಬಂದರಿಗೆ ರೈಲು ಹಳಿ ಹಾಕಿತು. ಹಳಿ ಈ ಊರಿನ ಮೂಲಕವೇ ಹಾದುಹೋಯಿತು. ತಾತಾರರು ಬೆಳೆದ ಗೋಧಿ ಬಂದರಿಗೆ ಹೊರಟಿತು. ಗಂಟು ಹೊತ್ತು ಬಂದವರು ಮತ್ತೆ ರೈತರಾದರು.

ಧ್ವಜ ಬದಲಾಯಿತು

ಊರು ಕಟ್ಟಿ ಇಪ್ಪತ್ತೆರಡು ವರ್ಷಗಳಾಗಿದ್ದವು. ಮತ್ತೊಂದು ಯುದ್ಧ ಬಂತು. 1877-78ರ ಆ ಯುದ್ಧದಲ್ಲಿ ರಷ್ಯಾ ಗೆದ್ದಿತು. 1878ರ ಬರ್ಲಿನ್ ಒಪ್ಪಂದದಂತೆ ಉತ್ತರ ದೊಬ್ರುಜಾ ರೊಮೇನಿಯಾದ ಪಾಲಾಯಿತು. ಮಲಗುವಾಗ ಸುಲ್ತಾನರ ಪ್ರಜೆಗಳಾಗಿದ್ದವರು ಏಳುವಾಗ ಕ್ರೈಸ್ತ ರಾಜನ ಪ್ರಜೆಗಳಾಗಿದ್ದರು. ಹಲವರು ಮತ್ತೆ ಗಂಟು ಕಟ್ಟಿ ಇಸ್ತಾಂಬುಲ್‌ನ ಕಡೆ ಹೊರಟರು. ಎರಡನೆಯ ಸಲ ಮುಹಾಜಿರ್ ಆದರು. ಇನ್ನು ಹಲವರು, ಎಲ್ಲಿಗೆಂದು ಓಡುವುದು ಎಂದುಕೊಂಡು ಇಲ್ಲೇ ನಿಂತರು.

1880ರಲ್ಲಿ ರೊಮೇನಿಯಾ ಸರಕಾರ ಉತ್ತರ ದೊಬ್ರುಜಾದ ಜನರನ್ನು ಎಣಿಸಿತು. ಒಟ್ಟು 1,39,671 ಜನ. ಅವರಲ್ಲಿ ರೊಮೇನಿಯನ್ನರು 43,671. ತಾತಾರರು 29,476, ತುರ್ಕರು 18,624. ಅಂದರೆ ತಾತಾರರನ್ನೂ ತುರ್ಕರನ್ನೂ ಕೂಡಿಸಿದರೆ ರೊಮೇನಿಯನ್ನರಿಗಿಂತ ಹೆಚ್ಚು. ಇವರಲ್ಲದೆ ಬಲ್ಗೇರಿಯನ್ನರು, ರಷ್ಯನ್ನರು, ಗ್ರೀಕರು, ಜರ್ಮನ್ನರು, ಅರ್ಮೇನಿಯನ್ನರು, ಯಹೂದಿಗಳು, ರೋಮಾ ಜನ. ಇಷ್ಟು ಭಾಷೆ, ಇಷ್ಟು ಧರ್ಮಗಳು ಒಂದೇ ಸಂತೆಯಲ್ಲಿ ವ್ಯಾಪಾರ ಮಾಡುತ್ತಿದ್ದವು.

ಮುಂದಿನ ಮೂವತ್ತು ವರ್ಷಗಳಲ್ಲಿ ಆ ಲೆಕ್ಕ ತಲೆಕೆಳಗಾಯಿತು. ಸರಕಾರ ದೇಶದ ಬೇರೆ ಭಾಗಗಳಿಂದ ರೊಮೇನಿಯನ್ ರೈತರನ್ನು ಕರೆತಂದು ಭೂಮಿ ಕೊಟ್ಟಿತು. 1913ರ ಹೊತ್ತಿಗೆ ಸೀಮೆಯ ಜನಸಂಖ್ಯೆ 3,80,430 ಆಯಿತು. ರೊಮೇನಿಯನ್ನರು ಅರ್ಧಕ್ಕಿಂತ ಹೆಚ್ಚು, 2,16,425. ತಾತಾರರು 21,350ಕ್ಕೆ ಇಳಿದಿದ್ದರು.

ಆದರೆ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಬಾಲ್ಕನ್ ನಾಡಿನ ಬೇರೆ ಹಲವು ಕಡೆ ಮುಸ್ಲಿಮರಿಗೆ ಆದ ಗತಿ ಇಲ್ಲಿ ಆಗಲಿಲ್ಲ. ಮಸೀದಿಗಳು ಉಳಿದವು. ಹೊಸ ಸರಕಾರ ಮದ್ರಸಕ್ಕೆ ಹಣವನ್ನೂ ಕೊಟ್ಟಿತು. ಕಾನ್‌ಸ್ತಾಂತ್ಸಾದಲ್ಲಿ ದೊರೆ ಮೊದಲನೆಯ ಕರೋಲ್‌ನ ಕಾಲದಲ್ಲೇ ಭವ್ಯ ಮಸೀದಿಯೊಂದನ್ನು ಕಟ್ಟಿ 1913ರಲ್ಲಿ ತೆರೆಯಲಾಯಿತು. ಅದು ಈಗಲೂ ಆ ದೊರೆಯ ಹೆಸರಿನಲ್ಲೇ ಇದೆ.

ಒಂದು ಮದ್ರಸದ ಕಥೆ

ಮದ್ರಸದಲ್ಲಿ ಕಲಿತು, ಆಮೇಲೆ ಬಿ.ಎ. ಓದಿ, ಮಕ್ಕಳಿಗೆ ಪಾಠ ಹೇಳುತ್ತಾ ಬಂದಿರುವ ನನಗೆ ಮೆಜಿದಿಯಾದ ಕಥೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಅಲ್ಲಿನ ಮದ್ರಸದ ಕಥೆ.

ಮೆಜಿದಿಯಾದ ಉತ್ತರಕ್ಕೆ ಬಾಬಾದಾಗ್ ಎಂಬ ಪುಟ್ಟ ಊರಿದೆ. ಅಲ್ಲಿ 1610ರಲ್ಲಿ ಗಾಜಿ ಅಲಿ ಪಾಷಾ ಎಂಬವರು ಮಸೀದಿಯ ಜೊತೆಗೆ ಒಂದು ಮದ್ರಸವನ್ನು ಕಟ್ಟಿಸಿ ವಕ್ಫ್ ಮಾಡಿದರು. ಬಾಬಾದಾಗ್‌ನ ಮುಸ್ಲಿಮರು ಕಡಿಮೆಯಾಗುತ್ತಾ ಬಂದಾಗ, 1901ರಲ್ಲಿ ಆ ಮದ್ರಸವನ್ನು ತಾತಾರರು ಹೆಚ್ಚಾಗಿದ್ದ ಮೆಜಿದಿಯಾಕ್ಕೆ ತರಲಾಯಿತು. 'ಮುಸ್ಲಿಮ್ ಸೆಮಿನರಿ' ಎಂದು ಅದು ಹೆಸರಾಯಿತು. ಅಲ್ಲಿ ಕುರ್‌ಆನ್, ಅರಬಿ, ಫಿಕ್ಹ್‌ಗಳ ಜೊತೆಗೆ ರೊಮೇನಿಯನ್ ಭಾಷೆ ಮತ್ತು ಲೌಕಿಕ ವಿಷಯಗಳನ್ನೂ ಕಲಿಸುತ್ತಿದ್ದರು. ಕಲಿತು ಹೊರಬಂದ ಯುವಕ ಊರ ಮಸೀದಿಗೆ ಇಮಾಮನೂ ಆಗಬಲ್ಲವನಾಗಿದ್ದ, ಊರ ಶಾಲೆಗೆ ಅಧ್ಯಾಪಕನೂ ಆಗಬಲ್ಲವನಾಗಿದ್ದ. ದೀನೀ ಶಿಕ್ಷಣವೋ ಲೌಕಿಕ ಶಿಕ್ಷಣವೋ ಎಂದು ನಾವು ಇಂದಿಗೂ ಚರ್ಚಿಸುತ್ತಿದ್ದೇವೆ. ಆ ಪುಟ್ಟ ಊರು ನೂರು ವರ್ಷಗಳ ಹಿಂದೆಯೇ ಎರಡನ್ನೂ ಒಂದೇ ಸೂರಿನಡಿ ಇಟ್ಟಿತ್ತು.

ಅಲ್ಲಿ ಪಾಠ ಹೇಳಿದವರಲ್ಲಿ ಕವಿ ಮೆಹ್ಮೆತ್ ನಿಯಾಜಿ ಪ್ರಮುಖರು. 1878ರಲ್ಲಿ, ಅಂದರೆ ದೊಬ್ರುಜಾದ ಧ್ವಜ ಬದಲಾದ ವರ್ಷದಲ್ಲೇ, ಅವರು ಅಲ್ಲಿನ ಹಳ್ಳಿಯೊಂದರಲ್ಲಿ ಹುಟ್ಟಿದರು. ಹಿರಿಯರು ಬಿಟ್ಟುಬಂದ ಕ್ರಿಮಿಯಾವನ್ನು ಹಸಿರು ನಾಡೆಂದು ಕರೆದು ತಾತಾರ ಭಾಷೆಯಲ್ಲಿ ಕವಿತೆ ಬರೆದರು. ಮನೆಯಲ್ಲಿ ಆಡುವ ಮಾತನ್ನು ಬರೆಯುವ ಭಾಷೆಯಾಗಿ ಮಾಡಿದವರು ಅವರು. ಬದುಕಿನ ಕೊನೆಯ ವರ್ಷಗಳನ್ನು ಮೆಜಿದಿಯಾದ ಸೆಮಿನರಿಯಲ್ಲೇ ಕಳೆದು 1931ರಲ್ಲಿ ನಿಧನರಾದರು. ಅವರ ಕಬರ್ ಅದೇ ಊರಲ್ಲಿದೆ.

ನಮ್ಮ ಓದುಗ ಸಹೋದರಿಯರಿಗೆ ಖುಷಿ ಕೊಡುವ ಇನ್ನೊಂದು ಸಂಗತಿಯಿದೆ. 1910ರ ದಶಕದಲ್ಲಿ ಅಲ್ಲಿನ ಮುಸ್ಲಿಮರು ಹೊರತಂದ ಪತ್ರಿಕೆಗಳಲ್ಲಿ ಒಂದರ ಹೆಸರು 'ಮೆಕ್ತೆಪ್ ವೆ ಆಯಿಲೆ'. ಮೆಕ್ತೆಪ್ ಎಂದರೆ ನಮ್ಮ ಮಕ್ತಬ್, ಶಾಲೆ. ಆಯಿಲೆ ಎಂದರೆ ಕುಟುಂಬ. ಶಾಲೆ ಮತ್ತು ಕುಟುಂಬ! ಶಾಲೆಯೊಂದೇ ಸಾಲದು, ಅದರ ಪಾಠ ಮನೆಯೊಳಗೆ ಹೋಗಬೇಕು ಎಂಬ ತಿಳಿವಳಿಕೆ ಆ ಹೆಸರಿನಲ್ಲೇ ಇದೆ.

ಒಬ್ಬೊಬ್ಬರಾಗಿ ಹೊರಟರು

ಇಪ್ಪತ್ತನೆಯ ಶತಮಾನ ಆ ಸೀಮೆಯ ಸಂತೆಯನ್ನು ಒಂದೊಂದಾಗಿ ಖಾಲಿ ಮಾಡಿತು.

1916ರಲ್ಲಿ ಮೊದಲ ಮಹಾಯುದ್ಧ ದೊಬ್ರುಜಾಕ್ಕೆ ಬಂತು. ರೊಮೇನಿಯನ್ನರು, ರಷ್ಯನ್ನರು, ಸರ್ಬಿಯನ್ನರು ಒಂದು ಕಡೆ. ಬಲ್ಗೇರಿಯನ್ನರು, ಜರ್ಮನ್ನರು, ತುರ್ಕರು ಇನ್ನೊಂದು ಕಡೆ. ಅಂದರೆ ಒಂದೇ ಬೀದಿಯಲ್ಲಿ ವಾಸಿಸುತ್ತಿದ್ದವರ ಬಂಧುಬಳಗವೆಲ್ಲ ಎದುರುಬದುರಾಗಿ ನಿಂತಂತಾಯಿತು. ಅಲ್ಲಿ ಮಡಿದ ಸರ್ಬ್, ಕ್ರೊಯೇಷಿಯನ್ ಮತ್ತು ಸ್ಲೊವೇನಿಯನ್ ಸೈನಿಕರ ನೆನಪಿಗೆ ಕಟ್ಟಿದ ಪಿರಮಿಡ್ ಆಕಾರದ ಸ್ಮಾರಕ ಮೆಜಿದಿಯಾದಲ್ಲಿ ಇಂದಿಗೂ ನಿಂತಿದೆ.

1936ರಲ್ಲಿ ರೊಮೇನಿಯಾ ಮತ್ತು ತುರ್ಕಿ ಸರಕಾರಗಳು ದೊಬ್ರುಜಾದ ತುರ್ಕರ ವಲಸೆಯ ಬಗ್ಗೆ ಒಪ್ಪಂದ ಮಾಡಿಕೊಂಡವು. ಹತ್ತಾರು ಸಾವಿರ ಮುಸ್ಲಿಮರು ಮನೆ ಮಾರು ಬಿಟ್ಟು ಹಡಗು ಹತ್ತಿದರು. 1940ರಲ್ಲಿ ಹಿಟ್ಲರನ ಸರಕಾರ ದೊಬ್ರುಜಾದ ಸುಮಾರು 15 ಸಾವಿರ ಜರ್ಮನ್ನರನ್ನು ಕರೆಸಿಕೊಂಡಿತು. ಅದೇ ವರ್ಷದ ಕ್ರಯೋವಾ ಒಪ್ಪಂದದಂತೆ ಉತ್ತರ ದೊಬ್ರುಜಾದ ಬಲ್ಗೇರಿಯನ್ನರು ದಕ್ಷಿಣಕ್ಕೂ, ದಕ್ಷಿಣದ ರೊಮೇನಿಯನ್ನರು ಉತ್ತರಕ್ಕೂ ಹೋಗಬೇಕಾಯಿತು. ಯುದ್ಧದ ಬಳಿಕ ಉಳಿದಿದ್ದ ಯಹೂದಿಗಳಲ್ಲಿ ಹೆಚ್ಚಿನವರು ಇಸ್ರೇಲಿಗೆ ಹೋದರು. ದೊಡ್ಡವರು ಮೇಜಿನ ಮೇಲೆ ನಕ್ಷೆ ಹರಡಿ ಗೆರೆ ಎಳೆಯುತ್ತಾರೆ. ಆ ಗೆರೆ ಯಾರದೋ ಅಡುಗೆ ಮನೆಯ ಮಧ್ಯೆ ಹಾದುಹೋಗುತ್ತದೆ.

ಭಯದ ದಿನಗಳು

ಎರಡನೆಯ ಮಹಾಯುದ್ಧದ ಕೊನೆಗೆ ಕ್ರಿಮಿಯಾದಿಂದ ಮತ್ತೆ ಒಂದಷ್ಟು ತಾತಾರರು ಓಡಿ ಬಂದರು. ಬಾರದೆ ಉಳಿದವರ ಗತಿ ಇನ್ನೂ ಘೋರ. 1944ರ ಮೇ 18ರಂದು ಸ್ಟಾಲಿನ್ ಇಡೀ ಕ್ರಿಮಿಯಾ ತಾತಾರ ಜನಾಂಗವನ್ನು ಸರಕು ಸಾಗಿಸುವ ರೈಲುಗಳಲ್ಲಿ ತುಂಬಿ ಮಧ್ಯ ಏಷ್ಯಾಕ್ಕೆ ಗಡೀಪಾರು ಮಾಡಿದ. ಗಂಡಸರಲ್ಲಿ ಬಹಳಷ್ಟು ಮಂದಿ ಯುದ್ಧರಂಗದಲ್ಲಿದ್ದುದರಿಂದ ಆ ರೈಲುಗಳಲ್ಲಿದ್ದವರು ಹೆಚ್ಚಾಗಿ ಮಹಿಳೆಯರು, ಮಕ್ಕಳು, ಮುದುಕರು. ಸಾವಿರಾರು ಮಂದಿ ದಾರಿಯಲ್ಲೂ ತಲುಪಿದ ಮೇಲೂ ಸತ್ತರು.

ದೊಬ್ರುಜಾಕ್ಕೆ ಓಡಿ ಬಂದವರನ್ನು ಇಲ್ಲಿನ ತಾತಾರರು ತಮ್ಮ ಮನೆಗಳಲ್ಲಿ ಅಡಗಿಸಿಟ್ಟರು. ತೊಂಬತ್ತು ವರ್ಷಗಳ ಹಿಂದೆ ತಾವೇ ಮುಹಾಜಿರರಾಗಿ ಬಂದವರು ಈಗ ಅನ್ಸಾರರಾದರು. ಇವರಲ್ಲಿ ನೆಜಿಪ್ ಹಾಜಿ ಫಜಿಲ್ ಎಂಬ ಅಧ್ಯಾಪಕರಿದ್ದರು. 1906ರಲ್ಲಿ ಹುಟ್ಟಿದ ಇವರು ಮೆಜಿದಿಯಾ ಸೆಮಿನರಿಯಲ್ಲಿ ಕಲಿತವರು, ಕವಿ. ನಿರಾಶ್ರಿತರಿಗೆ ನೆರವಾಗುವ ಕೆಲಸದ ಮುಂದಾಳು. ಸೋವಿಯತ್ ಸೈನ್ಯದ ಬೆಂಬಲದಿಂದ ಬಂದ ಹೊಸ ಕಮ್ಯುನಿಸ್ಟ್ ಸರಕಾರಕ್ಕೆ ಇದು ಅಪರಾಧವಾಗಿ ಕಂಡಿತು. 1948ರ ಅಕ್ಟೋಬರ್‌ನಲ್ಲಿ ರಹಸ್ಯ ಪೊಲೀಸರು ಅವರನ್ನು ಹಿಡಿದೊಯ್ದರು. ವಿಚಾರಣೆಯಲ್ಲೇ ಅವರು ಪ್ರಾಣ ಬಿಟ್ಟರು. ಮನೆ ಬಾಗಿಲಿಗೆ ಬಂದವರನ್ನು ಹೊರಗೆ ದೂಡಲಿಲ್ಲ ಎಂಬುದೇ ಅವರು ತೆತ್ತ ಬೆಲೆಗೆ ಕಾರಣ.

ಅದರ ಮರುವರ್ಷ, 1949ರಲ್ಲಿ, ಡ್ಯಾನ್ಯೂಬ್‌ನಿಂದ ಕಪ್ಪು ಸಮುದ್ರಕ್ಕೆ ಕಾಲುವೆ ತೋಡುವ ಕೆಲಸ ಶುರುವಾಯಿತು. ಅದಕ್ಕೆ ದುಡಿಸಿದ್ದು ಹೆಚ್ಚಾಗಿ ಕೈದಿಗಳನ್ನು. ಸರಕಾರಕ್ಕೆ ಬೇಡವಾದ ರೈತರು, ಪಾದ್ರಿಗಳು, ಪ್ರಾಧ್ಯಾಪಕರು, ವಿದ್ಯಾರ್ಥಿಗಳು ಹಾರೆ ಹಿಡಿದು ನಿಂತರು. ಮೆಜಿದಿಯಾದಲ್ಲೂ ಅಂಥ ಒಂದು ಶಿಬಿರವಿತ್ತು. ಹಸಿವು, ಚಳಿ, ಹೊಡೆತಕ್ಕೆ ಸಿಕ್ಕಿ ಸಾವಿರಾರು ಮಂದಿ ಸತ್ತರು. 1953ರಲ್ಲಿ ಕೆಲಸ ಅರ್ಧಕ್ಕೆ ನಿಂತಿತು. 1970ರ ದಶಕದಲ್ಲಿ ಮತ್ತೆ ಆರಂಭವಾಗಿ 1984ರಲ್ಲಿ ಕಾಲುವೆ ತೆರೆಯಿತು. ಹಿಂದಿನ ಕರಾಸು ಕಣಿವೆಯಲ್ಲಿ ಇಂದು ಹರಿಯುವುದು ಆ ಕಾಲುವೆಯ ನೀರು.

ಈ ನಡುವೆ ರೈತರ ಜಮೀನುಗಳನ್ನು ಸರಕಾರ ಸಾಮೂಹಿಕ ಬೇಸಾಯಕ್ಕೆ ಸೇರಿಸಿತು. ಇಡೀ ದೇಶದಲ್ಲಿ ಮೊದಲು, 1957ರಲ್ಲೇ, ಆ ಕೆಲಸ ಮುಗಿದದ್ದು ಈ ಕಾನ್‌ಸ್ತಾಂತ್ಸಾ ಸೀಮೆಯಲ್ಲಿ. ಜಮೀನು ಹೋದ ತಾತಾರ ರೈತರು ಹಳ್ಳಿ ಬಿಟ್ಟು ಪೇಟೆಯ ಕಾರ್ಖಾನೆಗಳಿಗೆ ಬಂದರು. ಬೇರೆ ಪ್ರಾಂತಗಳಿಂದಲೂ ಕೆಲಸಗಾರರು ಬಂದರು. ಊರು ದೊಡ್ಡದಾಯಿತು. ಅಂಗಳವಿದ್ದ ಮನೆಗಳ ಜಾಗದಲ್ಲಿ ಫ್ಲ್ಯಾಟುಗಳೆದ್ದವು. ಊರು ಬೆಳೆದಷ್ಟೂ ಅದನ್ನು ಯಾರಿಗಾಗಿ ಕಟ್ಟಲಾಗಿತ್ತೋ ಅವರು ಅದರೊಳಗೆ ಚಿಕ್ಕವರಾದರು. 1960ರ ದಶಕದಲ್ಲಿ ಮದ್ರಸದ ಬಾಗಿಲಿಗೂ ಬೀಗ ಬಿತ್ತು. 1610ರಲ್ಲಿ ಹಚ್ಚಿದ ದೀಪ ಆರಿತು.

ಅಡುಗೆ ಮನೆಯಲ್ಲಿ ಉಳಿದದ್ದು

ಮದ್ರಸ ಮುಚ್ಚಿದ ಮೇಲೆ ದೀನ್ ಮತ್ತು ಭಾಷೆ ಎಲ್ಲಿ ಉಳಿದವು? ಮನೆಗಳಲ್ಲಿ ಉಳಿದವು. ಕಾರ್ಖಾನೆಯಲ್ಲಿ, ಕಚೇರಿಯಲ್ಲಿ ಗಂಡಸರು ಬಾಯಿ ಬಿಡಲು ಅಂಜುತ್ತಿದ್ದ ಕಾಲದಲ್ಲಿ ಮಕ್ಕಳಿಗೆ ಬಿಸ್ಮಿಲ್ಲಾಹ್ ಹೇಳಿಕೊಟ್ಟವರು, ಈದ್‌ನ ದಿನ ಹಿರಿಯರ ಕೈಗೆ ಮುತ್ತಿಡಲು ಕಲಿಸಿದವರು, ಮಲಗುವಾಗ ತಾತಾರ ಭಾಷೆಯ ಕಥೆ ಹೇಳಿದವರು ತಾಯಂದಿರು ಮತ್ತು ಅಜ್ಜಿಯಂದಿರು.

ಅವರ ಅಡುಗೆಯನ್ನೇ ನೋಡಿ. 'ಶುಬೆರೆಕ್' ಎಂಬ ತಿಂಡಿ ತಾತಾರರ ಗುರುತಾಗಿದೆ. ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ನಡುವೆ ಈರುಳ್ಳಿ ಬೆರೆಸಿದ ಕೈಮಾ ಇಟ್ಟು, ಅರ್ಧಚಂದ್ರದಂತೆ ಮಡಚಿ ಎಣ್ಣೆಯಲ್ಲಿ ಕರಿಯುತ್ತಾರೆ. ನೋಡಲು ನಮ್ಮ ಕರ್ಜಿಕಾಯಿಯ ದೊಡ್ಡಣ್ಣ. ಕಚ್ಚಿದರೆ ಒಳಗಿನ ಬಿಸಿ ರಸ ಸುರಿಯುತ್ತದೆ. ಕ್ರಿಮಿಯಾದಿಂದ ಬಂದ ಈ ತಿಂಡಿಯನ್ನು ಇಂದು ಕಪ್ಪು ಸಮುದ್ರದ ತೀರಕ್ಕೆ ರಜೆ ಕಳೆಯಲು ಬರುವ ರೊಮೇನಿಯನ್ನರೂ ಸಾಲು ನಿಂತು ಕೊಳ್ಳುತ್ತಾರೆ.

ವಸಂತ ಕಾಲದಲ್ಲಿ 'ತೆಪ್ರೆಶ್' ಎಂಬ ಹಬ್ಬ. ಊರಿನವರೆಲ್ಲ ಬಯಲಿಗೆ ಹೋಗಿ ಊಟ ಮಾಡುತ್ತಾರೆ. ಮನೆಯಲ್ಲಿ ಮಾಡಿದ 'ಕಲಕಾಯ್' ಎಂಬ ದುಂಡನೆಯ ರೊಟ್ಟಿಯನ್ನು ಗುಡ್ಡದ ಇಳಿಜಾರಿನಲ್ಲಿ ಉರುಳಿಸಿ, ಅದು ಮುಖ ಮೇಲಾಗಿ ಬಿದ್ದರೆ ಬೆಳೆ ಚೆನ್ನಾಗುತ್ತದೆ ಎನ್ನುತ್ತಿದ್ದರು. ಇಂಥ ನಂಬಿಕೆಗೆ ದೀನ್‌ನಲ್ಲಿ ಆಧಾರವಿಲ್ಲ. ಆದರೆ ಉಳುವ ನೆಲವನ್ನು ಕಳೆದುಕೊಂಡು ಬಂದ ಜನರು ಹೊಸ ನೆಲದಲ್ಲಿ ಬೆಳೆಗಾಗಿ ಎಷ್ಟು ಹಂಬಲಿಸಿದ್ದರು ಎಂಬುದು ಇದರಿಂದ ತಿಳಿಯುತ್ತದೆ. ಯುವಕರಿಗೆ 'ಕುರೆಶ್' ಎಂಬ ಕುಸ್ತಿ, ಗೆದ್ದವನಿಗೆ ಬಹುಮಾನ ಒಂದು ಟಗರು.

ಅಜ್ಜಿಯಂದಿರ ಕಥೆಗಳೂ ನಷ್ಟವಾಗಲಿಲ್ಲ. ನೆದ್ರೆತ್ ಮಹ್ಮೂತ್ ಎಂಬ ವಿದುಷಿ ಮತ್ತು ಎನ್ವರ್ ಮಹ್ಮೂತ್ ಅವರು ದೊಬ್ರುಜಾದ ತಾತಾರ ಕಥೆಗಳನ್ನು ಸಂಗ್ರಹಿಸಿದರು. 1988ರಲ್ಲಿ, ಕಮ್ಯುನಿಸ್ಟ್ ಆಡಳಿತ ಇನ್ನೂ ಗಟ್ಟಿಯಾಗಿದ್ದಾಗಲೇ, 'ಬೋಜ್‌ಜಿಗಿತ್' ಎಂಬ ಹೆಸರಿನಲ್ಲಿ ಅವು ಪುಸ್ತಕವಾಗಿ ಬಂದವು.

ಆದರೆ ಅಡುಗೆ ಉಳಿದಷ್ಟು ಸುಲಭವಾಗಿ ಭಾಷೆ ಉಳಿಯುವುದಿಲ್ಲ. 1950ರ ದಶಕದಲ್ಲಿ ಕೆಲವು ವರ್ಷ ತಾತಾರ ಶಾಲೆಗಳು ನಡೆದಿದ್ದವು. ಅಲ್ಲಿ ಕಲಿಸಿದ್ದು ರಷ್ಯಾದ ಕಜಾನ್‌ನ ತಾತಾರ ಭಾಷೆಯ ಪುಸ್ತಕಗಳನ್ನು, ಮಕ್ಕಳ ಮನೆಮಾತೇ ಬೇರೆ. ಆ ದಶಕದ ಕೊನೆಗೆ ಅವೂ ಮುಚ್ಚಿದವು. ಹಳ್ಳಿಯಲ್ಲಿ ಬೀದಿಯ ಮಾತೂ ತಾತಾರವೇ ಆಗಿತ್ತು. ಫ್ಲ್ಯಾಟಿನ ಮೆಟ್ಟಿಲಲ್ಲಿ ಮಕ್ಕಳು ಆಡುವ ಮಾತು ರೊಮೇನಿಯನ್. ಶಾಲೆಯಲ್ಲಿ ರೊಮೇನಿಯನ್, ಮಸೀದಿಯಲ್ಲಿ ಅರಬಿ ಮತ್ತು ತುರ್ಕಿ, ಟಿ.ವಿ.ಯಲ್ಲಿ ಇಸ್ತಾಂಬುಲ್‌ನ ಧಾರಾವಾಹಿ. ತಾತಾರ ಭಾಷೆಗೆ ಉಳಿದದ್ದು ಅಜ್ಜಿಯ ಮಡಿಲು ಮಾತ್ರ. ಕ್ರಿಮಿಯಾ ತಾತಾರ ಭಾಷೆ ಇಂದು ಯುನೆಸ್ಕೊ ಗುರುತಿಸಿದ ತೀವ್ರ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿದೆ.

ಮತ್ತೆ ತೆರೆದ ಬಾಗಿಲು

1989ರ ಡಿಸೆಂಬರ್‌ನಲ್ಲಿ ಸರ್ವಾಧಿಕಾರಿ ಚೌಷೆಸ್ಕು ಪತನಗೊಂಡ. ಬೀಗಗಳು ಒಂದೊಂದಾಗಿ ತೆರೆದವು. 1995ರಲ್ಲಿ ತುರ್ಕಿ ಮತ್ತು ರೊಮೇನಿಯಾ ಸರಕಾರಗಳ ಒಪ್ಪಂದದಿಂದ ಮೆಜಿದಿಯಾದಲ್ಲಿ ಮತ್ತೆ ಶಾಲೆ ಆರಂಭವಾಯಿತು. ಕೆಮಾಲ್ ಅತಾತುರ್ಕ್‌ರ ಹೆಸರಿನ ಈ ಶಾಲೆಯಲ್ಲಿ ಇಸ್ಲಾಮೀ ಶಿಕ್ಷಣ ಮತ್ತು ಅಧ್ಯಾಪಕ ತರಬೇತಿ ಎರಡೂ ಇವೆ. ಖಿಲಾಫತನ್ನು ರದ್ದು ಮಾಡಿದವರ ಹೆಸರಿನಲ್ಲಿ ಇಮಾಮರ ಶಾಲೆ ನಡೆಯುವುದು ಇತಿಹಾಸದ ಒಂದು ವಿಚಿತ್ರ. ಆದರೆ ಹಳೆಯ ಸೆಮಿನರಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಬೇರೆಯೇ. ಅಂದು ಅಲ್ಲಿ ಕಲಿತವರು ಗಂಡುಮಕ್ಕಳು. ಇಂದು ಹೆಣ್ಣುಮಕ್ಕಳೂ ಕಲಿಯುತ್ತಾರೆ, ಅಧ್ಯಾಪಿಕೆಯರಾಗಿ ಹೊರಬರುತ್ತಾರೆ. ಅಜ್ಜಿಯಂದಿರು ಮಡಿಲಲ್ಲಿ ಕಾಪಾಡಿದ್ದನ್ನು ಮೊಮ್ಮಗಳು ತರಗತಿಯಲ್ಲಿ ಕಲಿಸುವ ದಾರಿ ತೆರೆದಿದೆ.

ಹಕ್ಕುಗಳೂ ಬಂದಿವೆ. ರೊಮೇನಿಯಾದ ಸಂವಿಧಾನ ಅಲ್ಪಸಂಖ್ಯಾತ ಜನಾಂಗಗಳ ಸಂಘಟನೆಗಳಿಗೆ ಸಂಸತ್ತಿನ ಕೆಳಮನೆಯಲ್ಲಿ ಒಂದೊಂದು ಸ್ಥಾನ ಕೊಡುತ್ತದೆ. ಹಾಗಾಗಿ ತಾತಾರರಿಗೊಬ್ಬರು, ತುರ್ಕರಿಗೊಬ್ಬರು ಪ್ರತಿನಿಧಿಗಳಿದ್ದಾರೆ. ಅಲ್ಲಿನ ಕಾರ್ಮಿಕ ಕಾನೂನಿನಂತೆ ಕ್ರೈಸ್ತರಲ್ಲದವರು ತಮ್ಮ ಧಾರ್ಮಿಕ ಹಬ್ಬಗಳಿಗೆ ರಜೆ ಪಡೆಯಬಹುದು. ಡಿಸೆಂಬರ್ 13ನ್ನು ತಾತಾರರ ದಿನವೆಂದು 2006ರಲ್ಲಿ ಕಾನೂನು ಮಾಡಲಾಯಿತು. ಈದ್‌ಗೆ ಮುಸ್ಲಿಮರ ಮನೆಯಿಂದ ಬಕ್ಲಾವಾ, ಈಸ್ಟರ್‌ಗೆ ಕ್ರೈಸ್ತರ ಮನೆಯಿಂದ ಬಣ್ಣದ ಮೊಟ್ಟೆ ಹೋಗಿಬರುವುದನ್ನು ದೊಬ್ರುಜಾದ ಜನ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಎಲ್ಲವೂ ಸರಿಯಿದೆ ಎಂದಲ್ಲ. ಮೆಜಿ‌ದಿಯಾ ಮತ್ತು ಬಾಬಾದಾಗ್‌ನಲ್ಲಿ ತುರ್ಕಿ ಮಾತಾಡುವ ಮುಸ್ಲಿಮ್ ರೋಮಾ ಜನರಿದ್ದಾರೆ. ಗಣತಿಯಲ್ಲಿ ಇವರಲ್ಲಿ ಹಲವರು ತುರ್ಕರೆಂದು ಬರೆಸುತ್ತಾರೆ. ಬಡತನವೂ ತಿರಸ್ಕಾರವೂ ಇವರ ಬೆನ್ನು ಬಿಟ್ಟಿಲ್ಲ. ಒಂದೇ ಸಫ್‌ನಲ್ಲಿ ನಿಂತು ನಮಾಝ್ ಮಾಡುವವರೇ ಹೊರಗೆ ಬಂದ ಮೇಲೆ ದೂರ ನಿಂತರೆ ನಷ್ಟ ಯಾರಿಗೆ? ತಾವು ಮುಹಾಜಿರರಾಗಿ ಬಂದ ಕಥೆಯನ್ನು ಹೇಳಿಕೊಳ್ಳುವವರಿಗೆ ಇದು ಪರೀಕ್ಷೆಯ ಪ್ರಶ್ನೆಯೇ ಸರಿ.

ಖಾಲಿಯಾಗುತ್ತಿರುವ ಮನೆಗಳು

ಬಾಗಿಲು ತೆರೆದಾಗ ಗಾಳಿ ಒಳಗೂ ಬರುತ್ತದೆ, ಜನ ಹೊರಗೂ ಹೋಗುತ್ತಾರೆ. 2007ರ ಜನವರಿ 1ರಂದು ರೊಮೇನಿಯಾ ಯುರೋಪಿಯನ್ ಒಕ್ಕೂಟ ಸೇರಿತು. ಇಟಲಿ, ಸ್ಪೇನ್, ಜರ್ಮನಿಗೆ ದುಡಿಯಲು ಹೋಗುವುದು ಸುಲಭವಾಯಿತು. 1992ರಲ್ಲಿ 2.28 ಕೋಟಿ ಇದ್ದ ದೇಶದ ಜನಸಂಖ್ಯೆ 2021ರಲ್ಲಿ 1.9 ಕೋಟಿಗೆ ಇಳಿಯಿತು. ಮೆಜಿದಿಯಾದಲ್ಲಿ 1992ರಲ್ಲಿ 46 ಸಾವಿರಕ್ಕೂ ಹೆಚ್ಚು ಜನರಿದ್ದರು. 2011ರಲ್ಲಿ 39,780. 2021ರಲ್ಲಿ ಸುಮಾರು 36 ಸಾವಿರ. ಇಡೀ ದೇಶದ ತಾತಾರರು 1992ರಲ್ಲಿ 24,596 ಇದ್ದವರು 2021ರಲ್ಲಿ ಸುಮಾರು 18 ಸಾವಿರ.

ಈ ಸಲ ಯಾವ ಸೈನ್ಯವೂ ಬರಲಿಲ್ಲ, ಯಾವ ಒಪ್ಪಂದವೂ ಆಗಲಿಲ್ಲ. ಸಂಬಳದ ಸೆಳೆತವೇ ಸಾಕಾಯಿತು. ತಾಯಿ ಇಟಲಿಯಲ್ಲಿ ಯಾರದೋ ವೃದ್ಧ ತಾಯಿಯ ಸೇವೆಗೆ ನಿಲ್ಲುತ್ತಾಳೆ, ಆಕೆಯ ಮಕ್ಕಳು ರೊಮೇನಿಯಾದಲ್ಲಿ ಅಜ್ಜಿಯ ಕೈಯಲ್ಲಿ ಬೆಳೆಯುತ್ತಾರೆ. ಇದು ಆ ದೇಶದ ಎಲ್ಲ ಜನಾಂಗಗಳ ಇಂದಿನ ಸಂಕಟ. ಗಲ್ಫ್‌ನ ಫೋನ್‌ಗಾಗಿ ಕಾಯುತ್ತಾ ಮಕ್ಕಳನ್ನು ಬೆಳೆಸಿದ ನಮ್ಮ ಸಹೋದರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇತಿಹಾಸ ಮತ್ತೆ ಆ ಕಣಿವೆಗೆ ಬಂದದ್ದೂ ಉಂಟು. 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ಮತ್ತೆ ವಶಪಡಿಸಿಕೊಂಡಿತು. 2022ರಲ್ಲಿ ಉಕ್ರೇನ್ ಮೇಲೆ ದಾಳಿ ಮಾಡಿದಾಗ ಲಕ್ಷಾಂತರ ನಿರಾಶ್ರಿತರು ರೊಮೇನಿಯಾದ ಗಡಿ ದಾಟಿದರು, ಅವರಲ್ಲಿ ಹೆಚ್ಚಿನವರು ಮಹಿಳೆಯರು ಮತ್ತು ಮಕ್ಕಳು. ಕೈದಿಗಳ ಬೆವರಿನಿಂದ ಆರಂಭವಾದ ಆ ಕಾಲುವೆಯಲ್ಲಿ ಉಕ್ರೇನಿನ ಧಾನ್ಯ ತುಂಬಿದ ದೋಣಿಗಳು ಮೆಜಿದಿಯಾವನ್ನು ಹಾದು ಕಾನ್‌ಸ್ತಾಂತ್ಸಾ ಬಂದರಿಗೆ ಹೋದವು.

ಮೆಜಿದಿಯಾ ಸ್ಥಾಪನೆಯ ಚರಿತ್ರೆಯನ್ನು ವಿಸ್ತಾರವಾಗಿ ಬರೆದವರು ಇತಿಹಾಸಕಾರ ಕೆಮಾಲ್ ಕಾರ್ಪಾತ್. ಬಾಬಾದಾಗ್ ಸೀಮೆಯಲ್ಲೇ ಹುಟ್ಟಿ, ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಅವರು 2019ರಲ್ಲಿ ತೀರಿಕೊಂಡರು. ಅವರೂ ಊರು ಬಿಟ್ಟವರೇ. ಆದರೆ ಊರನ್ನು ಮರೆಯಲಿಲ್ಲ, ಅದನ್ನು ಬರೆದಿಟ್ಟರು.

ಒಂದು ಸಮುದಾಯ ಉಳಿಯುವುದು ಸಂಖ್ಯೆಯ ಬಲದಿಂದ ಎಂದು ನಾವು ಎಷ್ಟೋ ಸಲ ತಿಳಿಯುತ್ತೇವೆ. ನೂರಾ ಎಪ್ಪತ್ತು ವರ್ಷಗಳಲ್ಲಿ ಮೆಜಿದಿಯಾದ ತಾತಾರರ ಕೈಯಲ್ಲಿ ಸಂಖ್ಯೆ ಎಂದೂ ನಿಲ್ಲಲಿಲ್ಲ. ದೊರೆಗಳು ಬದಲಾದರು, ಜಮೀನು ಹೋಯಿತು, ಮದ್ರಸಕ್ಕೆ ಬೀಗ ಬಿತ್ತು. ಆದರೂ ಬಾಗಿಲು ಮತ್ತೆ ತೆರೆದ ದಿನ ಒಳಗೆ ಹೋಗಲು ಮಕ್ಕಳಿದ್ದರು. ಯಾಕೆಂದರೆ ಬೀಗ ಬಿದ್ದಿದ್ದ ಮೂವತ್ತು ವರ್ಷಗಳಲ್ಲಿ ಮನೆಯೊಳಗಿನ ಮದ್ರಸ ನಡೆಯುತ್ತಲೇ ಇತ್ತು. ಅದರ ಉಸ್ತಾದರು ತಾಯಂದಿರಾಗಿದ್ದರು.

ಈಗ ಆ ತಾಯಂದಿರ ಮಕ್ಕಳು ಬೇರೆ ಬೇರೆ ದೇಶಗಳ ಫ್ಲ್ಯಾಟುಗಳಲ್ಲಿದ್ದಾರೆ. ಅವರ ಮಕ್ಕಳು ಅಜ್ಜಿಯೊಡನೆ ಫೋನ್‌ನಲ್ಲಿ ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಎಂಬುದರ ಮೇಲೆ ಮುಂದಿನ ಕಥೆ ನಿಂತಿದೆ. ಅಕ್ಕಂದಿರೇ, ಇಂದು ರಾತ್ರಿ ಮಕ್ಕಳನ್ನು ಮಲಗಿಸುವಾಗ ನಿಮ್ಮ ಅಜ್ಜಿ ಹೇಳಿದ ಒಂದು ಕಥೆಯನ್ನು, ಆಕೆ ಹೇಳಿದ ಮಾತಿನಲ್ಲೇ ಹೇಳಿ ನೋಡಿ. ಎಷ್ಟು ಪದಗಳು ನಿಮ್ಮ ನಾಲಗೆಯಲ್ಲಿ ಉಳಿದಿವೆ ಎಂಬುದು ನಿಮಗೇ ತಿಳಿಯುತ್ತದೆ.